ಹೆಸರು ಕೇಳಿ ಚಿಲಕ ತೆಗೆಯಬೇಡಿ



ಈ ಸಲ ನುಗ್ಗೆಸೊಪ್ಪಿನ ಬಗೆಬಗೆಯ ಅಡುಗೆ ಬರೆಯುತ್ತೇನೆಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ನುಗ್ಗೆಸೊಪ್ಪು ಇನ್ನು ಹದಿನೈದು ದಿನ ಕಾಯಲಿ. ಅದಕ್ಕೆ ಮೊದಲು ನಿಮ್ಮ ಹತ್ತಿರ ಒಂದು ವಿಷಯ ಹೇಳಿಕೊಳ್ಳಬೇಕಾಗಿದೆ. ಹೇಳಿಕೊಳ್ಳುವುದೇನು, ಒಪ್ಪಿಕೊಳ್ಳುವುದು ಎಂದರೇ ಸರಿ. ನಮ್ಮ ಮನೆಯಲ್ಲಿ ಹೋದ ವರ್ಷ ಒಂದು ಮೋಸ ನಡೆಯಿತು. ಮೋಸ ಹೋದವಳು ನನ್ನ ಸೊಸೆ. ಆದರೆ ಅದರಲ್ಲಿ ನನ್ನ ಪಾಲೂ ಇತ್ತು.

ಸೊಸೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಅತ್ತೆ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ. ಆದ್ರೆ ಅವತ್ತು ನೀವು ಅಂದ ಮಾತನ್ನೂ ಬರೀಬೇಕು" ಅಂದಳು. ಸರಿ, ಅದನ್ನೂ ಬರೆಯುತ್ತೇನೆ.

"ಆಫೀಸಿನ ಚಾಟು, ಕಂಪ್ಯೂಟರು, ಇದೆಲ್ಲ ನಮಗ್ಯಾಕ್ರೀ?" ಎಂದು ಪುಟ ತಿರುಗಿಸಬೇಡಿ. 2020ರಲ್ಲಿ ಕೊರೋನಾ ಬಂದ ಮೇಲೆ ಎಷ್ಟೋ ಮನೆಗಳ ನಡುಮನೆಯೇ ಆಫೀಸಾಗಿದೆ. ಮಗಳೋ, ಸೊಸೆಯೋ, ಮಗನೋ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತಿರುತ್ತಾರೆ. ಇನ್ನು ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಟೀಚರುಗಳು, ಸ್ತ್ರೀಶಕ್ತಿ ಸಂಘದವರು, ಇವರ ಕೆಲಸದ ಮಾತುಕತೆ ಬಹಳಷ್ಟು ನಡೆಯುವುದು ವಾಟ್ಸಾಪ್ ಗ್ರೂಪಿನಲ್ಲೇ. ಹಪ್ಪಳ ಸಂಡಿಗೆ ಮಾಡಿ ಮಾರುವವಳಿಗೂ ಆರ್ಡರು ಬರುವುದು ಅಲ್ಲೇ. ಆಫೀಸು ಮನೆಯೊಳಗೆ ಬಂದ ಮೇಲೆ ಆಫೀಸಿಗೆ ಬರುವ ಕಳ್ಳನೂ ಮನೆಯೊಳಗೇ ಬರುತ್ತಾನೆ.

ಪಾಲಿಶ್ ಹಾಕುವವರ ಆಟ

ಮೊದಲು ನಮಗೆಲ್ಲ ಗೊತ್ತಿರುವ ಒಂದು ಹಳೇ ಮೋಸ ನೆನಪು ಮಾಡಿಕೊಳ್ಳೋಣ. ನಿಮ್ಮ ಬೀದಿಗೂ ಬಂದಿರಬಹುದು. ಮಟಮಟ ಮಧ್ಯಾಹ್ನ, ಗಂಡಸರು ಕೆಲಸಕ್ಕೆ ಹೋದ ಹೊತ್ತು. ಶುಭ್ರವಾದ ಷರಟು ತೊಟ್ಟ ಇಬ್ಬರು ಹುಡುಗರು. ಕೈಯಲ್ಲಿ ಹೆಸರಾದ ಕಂಪನಿಯದೆಂದು ಹೇಳುವ ಪುಡಿಯ ಪೊಟ್ಟಣ. "ಅಮ್ಮಾ, ಕಂಪನಿಯಿಂದ ಬಂದಿದ್ದೀವಿ. ದುಡ್ಡೇನೂ ಬೇಡ, ಒಂದು ಹಿತ್ತಾಳೆ ದೀಪ ಕೊಡಿ" ಅನ್ನುತ್ತಾರೆ. ದೀಪ ಫಳಫಳ ಹೊಳೆಯುತ್ತದೆ. ಆಮೇಲೆ ಬೆಳ್ಳಿಯ ಕಾಲ್ಗೆಜ್ಜೆ. ಅದೂ ಹೊಳೆಯುತ್ತದೆ. ಆಮೇಲೆ ಕತ್ತಿನ ಸರ. ಅದನ್ನು ಅರಿಸಿನದ ನೀರಿನ ಪಾತ್ರೆಗೆ ಹಾಕಿದ ಹಾಗೆ ಮಾಡಿ, ಮುಚ್ಚಳ ಮುಚ್ಚಿ, "ಅರ್ಧ ಗಂಟೆ ತೆಗೀಬೇಡಿ" ಎಂದು ಹೇಳಿ ಹೊರಟುಬಿಡುತ್ತಾರೆ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಪಾತ್ರೆಯಲ್ಲಿ ಅರಿಸಿನದ ನೀರು ಮಾತ್ರ.

ಈ ಆಟಕ್ಕೆ ನಾಲ್ಕು ಮೆಟ್ಟಿಲು ನೋಡಿ. ಒಂದು, ಎಲ್ಲರಿಗೂ ಗೊತ್ತಿರುವ ಕಂಪನಿಯ ಹೆಸರು. ಎರಡು, ಕೇಳದೆ ಮಾಡಿಕೊಡುವ ಉಪಕಾರ. ಮೂರು, ಇನ್ನೊಬ್ಬರನ್ನು ವಿಚಾರಿಸಲು ಬಿಡದ ಅವಸರ. ನಾಲ್ಕು, "ಅರ್ಧ ಗಂಟೆ ಮುಟ್ಟಬೇಡಿ" ಎನ್ನುವ ಮಾತು. ಆ ಅರ್ಧ ಗಂಟೆ ಅವರಿಗೆ ಊರು ಬಿಡಲು ಬೇಕಾದ ಸಮಯ. ಕಂಪ್ಯೂಟರಿನಲ್ಲಿ ಬರುವವನೂ ಇದೇ ನಾಲ್ಕು ಮೆಟ್ಟಿಲು ಹತ್ತಿ ಬರುತ್ತಾನೆ.

ನಮ್ಮ ಮನೆಯಲ್ಲಿ ಆದದ್ದು

ನನ್ನ ಸೊಸೆ ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿದ್ದಾಳೆ. ಕೆಲಸ ಮನೆಯಿಂದಲೇ. ಸಾಮಾನು ಒದಗಿಸಿದವರ ಬಿಲ್ಲು ತಾಳೆ ನೋಡಿ, ಸರಿಯಿದ್ದರೆ ಹಣ ಪಾವತಿ ಮಾಡುವವರಿಗೆ ಕಳಿಸಬೇಕು.

ಅವತ್ತು ಗೌರಿ ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಒಬ್ಬಟ್ಟಿಗೆ ಬೇಳೆ ಬೇಯಿಸಿ, ಬಸಿದಿಟ್ಟು, ಹೂರಣ ರುಬ್ಬಲು ಅವಳ ದಾರಿ ಕಾಯುತ್ತಿದ್ದೆ. ಅಷ್ಟರಲ್ಲಿ ಅವಳ ಕಂಪ್ಯೂಟರಿಗೆ ಈಮೇಲುಗಳ ಮಳೆ ಶುರುವಾಯಿತು. ಅರ್ಧ ಗಂಟೆಯಲ್ಲಿ ಮುನ್ನೂರಕ್ಕೂ ಹೆಚ್ಚು. ಯಾವ ಯಾವ ದೇಶದ್ದೋ ಅಂಗಡಿ, ಪತ್ರಿಕೆ, ಪ್ರವಾಸದ ಏಜೆಂಟರು, ಎಲ್ಲರದೂ ಒಂದೇ ಮಾತು, "ನಮ್ಮ ಚಂದಾದಾರರಾದದ್ದಕ್ಕೆ ವಂದನೆಗಳು." ಕೆಲಸದ ಒಂದು ಕಾಗದವೂ ಆ ರಾಶಿಯಲ್ಲಿ ಸಿಗದು.

ಅವಳು ತಲೆ ಕೆಡಿಸಿಕೊಂಡು ಕೂತಿರುವಾಗಲೇ ಆಫೀಸಿನ ಚಾಟಿನಲ್ಲಿ ಒಂದು ಸಂದೇಶ. ಹೆಸರು ಹೆಲ್ಪ್ ಡೆಸ್ಕ್. ಪಕ್ಕದಲ್ಲಿ ಅವಳ ಕಂಪನಿಯದೇ ಲಾಂಛನ. "ನಿಮ್ಮ ಈಮೇಲಿಗೆ ತೊಂದರೆಯಾಗಿರುವುದು ನಮಗೆ ಕಾಣುತ್ತಿದೆ, ಸರಿ ಮಾಡಿಕೊಡುತ್ತೇವೆ" ಎಂದು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿದ ಹಾಗಾಯಿತು. ಹಿಂದೆಯೇ ಕರೆಯೂ ಬಂತು. ಮಾತು ಬಹಳ ನಯ. ಕಂಪ್ಯೂಟರಿನಲ್ಲೇ ಇರುವ ಒಂದು ಸಾಧನ ತೆರೆಯಲು ಹೇಳಿ, ಹಾಕಬೇಕಾದ ಗುಟ್ಟಿನ ಸಂಖ್ಯೆಯನ್ನೂ ಅವನೇ ಕೊಟ್ಟ. ಅದನ್ನು ಹಾಕಿ ಒಪ್ಪಿಗೆ ಒತ್ತಿದರೆ ಎಲ್ಲೋ ಕೂತವನು ನಮ್ಮ ಕಂಪ್ಯೂಟರನ್ನು ತನ್ನ ಕೈಯಾರೆ ನಡೆಸಬಹುದು.

ಸೊಸೆಗೆ ಅನುಮಾನ ಬಂತು. ಮೈಕು ಮುಚ್ಚಿ ನನ್ನ ಕಡೆ ತಿರುಗಿ, "ಅತ್ತೆ, ಇವರು ಕಂಪ್ಯೂಟರನ್ನೇ ಬಿಟ್ಟುಕೊಡಿ ಅಂತಿದ್ದಾರೆ. ಮ್ಯಾನೇಜರಿಗೆ ಒಂದು ಫೋನ್ ಮಾಡಿ ಕೇಳಲಾ?" ಅಂದಳು.

ನಾನು ಏನಂದೆ ಗೊತ್ತೇ? "ಆಫೀಸಿನೋರೇ ತಾನೆ ಕೇಳ್ತಿರೋದು? ಅದಕ್ಕೂ ಹತ್ತು ಜನರನ್ನ ವಿಚಾರಿಸಬೇಕಾ? ಬೇಗ ಮುಗಿಸಿ ಬಾರಮ್ಮ, ಬೇಳೆ ಆರಿಹೋಗ್ತಿದೆ."

ಇದೇ ಆ ಮಾತು. ಅವಳ ಬುದ್ಧಿ ಸರಿಯಾದ ದಾರಿಯಲ್ಲೇ ಇತ್ತು. ತಳ್ಳಿದವಳು ನಾನು.

ಅವಳು ಸಂಖ್ಯೆ ಹಾಕಿದಳು. ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿತು. ಏನೇನೋ ತೆರೆಯಿತು, ಮುಚ್ಚಿತು. ಇಪ್ಪತ್ತು ನಿಮಿಷವಾದ ಮೇಲೆ, "ಸರಿಹೋಯಿತು ಮೇಡಂ, ಎರಡು ಗಂಟೆ ಕಂಪ್ಯೂಟರ್ ಆರಿಸಬೇಡಿ, ಮುಟ್ಟಲೂಬೇಡಿ" ಎಂದ. ಈಮೇಲಿನ ಮಳೆಯೂ ನಿಂತಿತು. ಅರಿಸಿನದ ನೀರಿನ ಪಾತ್ರೆ ನೆನಪಾಯಿತೇ? ನನಗೆ ಆಗ ಆಗಲಿಲ್ಲ.

ಹನ್ನೆರಡೂವರೆಗೆ ಅವಳು ಆ ಚಾಟನ್ನು ಮತ್ತೆ ತೆಗೆದು ನೋಡಿದಳಂತೆ. ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಇವರು ಹೊರಗಿನವರು ಎಂಬ ಗುರುತಿತ್ತು. ವಿಳಾಸವೂ ಕಂಪನಿಯದಲ್ಲ. ಎದೆ ಧಸಕ್ಕೆಂದಿತು. ಆದರೂ ಬಾಯಿಬಿಡಲಿಲ್ಲ. ಬಂದು ನನ್ನ ಜೊತೆ ಒಬ್ಬಟ್ಟು ತಟ್ಟಲು ಕೂತಳು. ಎರಡು ಒಬ್ಬಟ್ಟು ಕೈಯಲ್ಲೇ ಹರಿದವು. "ಮನಸ್ಸೆಲ್ಲಿದೆ ನಿಂದು?" ಎಂದು ನಾನು ಇನ್ನೊಂದು ಸಲ ಗದರಿದೆ.

ಎರಡೂವರೆಗೆ ಅವಳ ಚಾಟಿನಿಂದಲೇ, ಅವಳ ಹೆಸರಿನಲ್ಲೇ, ಪಾವತಿ ಮಾಡುವ ಹುಡುಗಿಗೆ ಒಂದು ಸಂದೇಶ ಹೋಯಿತು. "ಈ ಬಿಲ್ಲಿನವರ ಬ್ಯಾಂಕ್ ಖಾತೆ ಬದಲಾಗಿದೆ. ನಾಳೆ ರಜ, ಇವತ್ತೇ ಕಳಿಸಿಬಿಡು." ಆ ಹುಡುಗಿಗೆ ಅನುಮಾನ ಬರಲು ಕಾರಣವೇ ಇಲ್ಲ. ಹೆಸರು ನಿಜ, ಖಾತೆ ನಿಜ, ಹೊರಗಿನವರೆಂಬ ಗುರುತೂ ಇಲ್ಲ. ಮೂರು ಲಕ್ಷ ನಲವತ್ತು ಸಾವಿರ ಹೋಯಿತು.

ಸಂಜೆ ಮಗ ಬಂದ ಮೇಲೆ ಅವನ ಮುಂದೆ ಅತ್ತು ಹೇಳಿದಳು. ಅವನು ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿಸಿದ. ಕಂಪನಿಯವರು ಅವಳ ಖಾತೆ ಮುಚ್ಚಿ, ಪೊಲೀಸರ 1930ಕ್ಕೆ ದೂರು ಕೊಟ್ಟರು. ಒಂದು ಲಕ್ಷ ಹತ್ತು ಸಾವಿರ ಒಂದು ಬ್ಯಾಂಕಿನಲ್ಲಿ ತಡೆಹಿಡಿಯಲು ಸಾಧ್ಯವಾಯಿತು. ಉಳಿದದ್ದು ಕೈಯಿಂದ ಕೈಗೆ ದಾಟಿ ಹೋಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೇ ಹೇಳಿದ್ದಿದ್ದರೆ ಎರಡೂವರೆಯ ಸಂದೇಶವೇ ಹೋಗುತ್ತಿರಲಿಲ್ಲ.

ರಾತ್ರಿ ಅವಳ ಪಕ್ಕ ಕೂತು ಕೇಳಿದೆ, "ಯಾಕಮ್ಮ, ಆಗಲೇ ಯಾಕೆ ಹೇಳಲಿಲ್ಲ?"

"ಹಾಲು ಉಕ್ಕಿದರೂ ನೀವು ಒಂದು ಗಂಟೆ ಮಾತಾಡ್ತೀರಿ ಅತ್ತೆ. ಇದಕ್ಕೆ ಎಷ್ಟು ಮಾತಾಡ್ತೀರೋ ಅಂತ ಭಯ ಆಯ್ತು" ಅಂದಳು.

ಸೋದರಿಯರೇ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಕೆಲಸ ಉಳಿಯಿತು, ಎಚ್ಚರಿಕೆಯ ಪತ್ರ ಮಾತ್ರ ಬಂತು. ಆದರೆ ಎರಡು ತಿಂಗಳು ಅವಳು ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ಮುಖ ಬಾಡಿರುತ್ತಿತ್ತು.

ದೊಡ್ಡವರೂ ಬಿದ್ದ ಹಳ್ಳ

ಓದು ಬರಹ ಕಲಿತ ಹುಡುಗಿ ಹೀಗೆ ಬೀಳಬಹುದೇ ಅನ್ನುತ್ತೀರಾ? ಆಮೇಲೆ ಮಗನಿಂದ ಕೇಳಿ ತಿಳಿದುಕೊಂಡೆ. ಇವಳಿಗಿಂತ ಬಹಳ ದೊಡ್ಡವರು ಬಿದ್ದಿದ್ದಾರೆ.

ಮೈಕ್ರೋಸಾಫ್ಟ್ ಕಂಪನಿಯ ಟೀಮ್ಸ್ ಎಂಬುದು ಆಫೀಸುಗಳಲ್ಲಿ ಬಹಳ ಬಳಕೆಯಲ್ಲಿರುವ ಚಾಟು. ಈಮೇಲಿನ ಮಳೆ ಸುರಿಸಿ, ಟೀಮ್ಸ್‌ನಲ್ಲಿ ಹೆಲ್ಪ್ ಡೆಸ್ಕಿನವರ ಹಾಗೆ ಬಂದು, ವಿಂಡೋಸ್ ಕಂಪ್ಯೂಟರಿನಲ್ಲಿರುವ ಕ್ವಿಕ್ ಅಸಿಸ್ಟ್ ಎಂಬ ಸಹಾಯದ ಸಾಧನ ತೆರೆಸಿ ಒಳನುಗ್ಗುವ ಗುಂಪೊಂದರ ಬಗ್ಗೆ 2024ರಲ್ಲಿ ಆ ಕಂಪನಿಯೇ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ಆ ಗುಂಪು ಒಳಗೆ ಹೊಕ್ಕಮೇಲೆ ಇಡೀ ಕಂಪನಿಯ ಕಡತಗಳಿಗೆ ಬೀಗ ಹಾಕಿ, ಬೀಗದ ಕೈಗೆ ದುಡ್ಡು ಕೇಳುತ್ತಿತ್ತು. ತೊಂದರೆ ಕೊಟ್ಟವನೂ ಅವನೇ, ಬಿಡಿಸಲು ಬಂದವನೂ ಅವನೇ. ಸಾಧನದಲ್ಲಿ ತಪ್ಪಿಲ್ಲ. ಈಳಿಗೆಯಲ್ಲಿ ತಪ್ಪಿಲ್ಲವಲ್ಲ, ಹಾಗೆ. ಯಾರ ಕೈಗೆ ಕೊಟ್ಟೆವು ಎಂಬುದು ಪ್ರಶ್ನೆ.

ಅದಕ್ಕೂ ಮೊದಲು, 2023ರ ಆಗಸ್ಟಿನಲ್ಲಿ, ಇನ್ನೊಂದು ಗುಂಪಿನ ವಿಷಯ ಅದೇ ಕಂಪನಿ ಹೊರಗೆಡವಿತ್ತು. ಅವರು ಸಣ್ಣ ಪುಟ್ಟ ಕಂಪನಿಗಳ ಖಾತೆಗಳನ್ನು ವಶ ಮಾಡಿಕೊಂಡು, ಅದಕ್ಕೆ ಭದ್ರತಾ ವಿಭಾಗದ ಹೆಸರಿಟ್ಟು, ಟೀಮ್ಸ್‌ನಲ್ಲಿ ಸಂದೇಶ ಕಳಿಸುತ್ತಿದ್ದರು. "ನಿಮ್ಮ ಫೋನಿನ ಆಥೆಂಟಿಕೇಟರ್ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿ" ಎನ್ನುತ್ತಿದ್ದರು. ಪಾಸ್‌ವರ್ಡು ಮೊದಲ ಬೀಗವಾದರೆ ಈ ಆ್ಯಪ್ ಎರಡನೆಯ ಬೀಗ. ಆ ಸಂಖ್ಯೆ ಹಾಕಿದರೆ ಎರಡನೆಯ ಬೀಗವನ್ನು ನಾವೇ ಕೈಯಾರೆ ತೆಗೆದ ಹಾಗೆ. ಅವರ ವಿಳಾಸದ ಕೊನೆಯಲ್ಲಿ ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್ ಎಂದಿರುತ್ತಿತ್ತು. ನೋಡಿದವರಿಗೆ ಮೈಕ್ರೋಸಾಫ್ಟಿನವರೇ ಅನ್ನಿಸಬೇಕು. ನಿಜವಾಗಿ, ಅಲ್ಲಿ ಖಾತೆ ತೆರೆದ ಯಾವ ಕಂಪನಿಗೂ ಆ ಬಾಲ ಸಿಗುತ್ತದೆ.

2020ರ ಜುಲೈನಲ್ಲಿ ಟ್ವಿಟರ್ ಕಂಪನಿಯ ನೌಕರರಿಗೇ ಹೀಗಾಯಿತು. ಕೊರೋನಾ ಕಾಲ, ಎಲ್ಲರೂ ಮನೆಯಿಂದ ಕೆಲಸ. ಆಫೀಸಿನ ಜಾಲಕ್ಕೆ ಸೇರಲು ಆಗಾಗ ತೊಂದರೆ. "ಅದನ್ನು ಸರಿ ಮಾಡುವವರು ನಾವು" ಎಂದು ಫೋನ್ ಮಾಡಿ, ನಕಲಿ ಪುಟದಲ್ಲಿ ಪಾಸ್‌ವರ್ಡು ಹಾಕಿಸಿದರು. ಆಮೇಲೆ ಬರಾಕ್ ಒಬಾಮ, ಬಿಲ್ ಗೇಟ್ಸ್ ಅಂಥವರ ಖಾತೆಗಳಿಂದ, ದುಡ್ಡು ಕಳಿಸಿದರೆ ಎರಡರಷ್ಟು ವಾಪಸು ಎಂಬ ಸುಳ್ಳು ಸಂದೇಶ ಹಾಕಿದರು. ಸಿಕ್ಕಿಬಿದ್ದವರಲ್ಲಿ ಮುಖ್ಯನಾದವನಿಗೆ ಆಗ ಬರೀ 17 ವರ್ಷ.

ನಮ್ಮ ದೇಶದ್ದೇ ಬೇಕೇ? 2022ರ ಸೆಪ್ಟೆಂಬರ್. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್, ಕೊರೋನಾ ಲಸಿಕೆ ಕೋವಿಶೀಲ್ಡ್ ತಯಾರಿಸಿದ ಸಂಸ್ಥೆ. ಅದರ ಮುಖ್ಯಸ್ಥ ಆದಾರ್ ಪೂನಾವಾಲಾ ಅವರ ಹೆಸರಿನಲ್ಲಿ ಅಲ್ಲಿನ ಒಬ್ಬ ಹಿರಿಯ ಅಧಿಕಾರಿಗೆ ವಾಟ್ಸಾಪ್ ಸಂದೇಶ ಬಂತು. ಕೆಲವು ಖಾತೆಗಳಿಗೆ ತಕ್ಷಣ ಹಣ ಹಾಕಿ ಎಂದು. ಯಜಮಾನರ ಅಪ್ಪಣೆ ಎಂದುಕೊಂಡು ಹಾಕಿದರು. ಒಂದು ಕೋಟಿ ರೂಪಾಯಿಗೂ ಮಿಕ್ಕಿ ಹೋಯಿತು. ಪೂನಾವಾಲಾ ಅವರು ಅಂಥ ಸಂದೇಶ ಕಳಿಸಿಯೇ ಇರಲಿಲ್ಲ.

ಇನ್ನು 2024ರಲ್ಲಿ ಹಾಂಗ್‌ಕಾಂಗಿನಲ್ಲಿ ನಡೆದದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅರುಪ್ ಎಂಬ ಹೆಸರಾಂತ ಎಂಜಿನಿಯರಿಂಗ್ ಕಂಪನಿಯ ನೌಕರರೊಬ್ಬರಿಗೆ ಗುಟ್ಟಾಗಿ ಹಣ ಕಳಿಸಬೇಕೆಂಬ ಸಂದೇಶ ಬಂತು. ಅವರಿಗೆ ಅನುಮಾನವೂ ಬಂತು. ಆಮೇಲೆ ವಿಡಿಯೋ ಸಭೆಗೆ ಕರೆದರು. ಅಲ್ಲಿ ಪರಿಚಯದ ಮೇಲಧಿಕಾರಿಯ ಮುಖ, ಅದೇ ದನಿ. ಅನುಮಾನ ಹೋಯಿತು, 20 ಕೋಟಿ ಹಾಂಗ್‌ಕಾಂಗ್ ಡಾಲರೂ ಹೋಯಿತು. ಆ ಮುಖಗಳೆಲ್ಲ ಕಂಪ್ಯೂಟರಿನಲ್ಲಿ ಸೃಷ್ಟಿಸಿದವು.

ಹಾಗಾದರೆ ಹೆಸರು, ಫೋಟೋ, ಲಾಂಛನ, ದನಿ, ಮುಖ, ಇದರಲ್ಲಿ ಯಾವುದನ್ನು ನಂಬುವುದು? ಬರೀ ಅದನ್ನೇ ನೋಡಿ ಯಾವುದನ್ನೂ ನಂಬಬೇಕಾಗಿಲ್ಲ. ನಂಬಬೇಕಾದದ್ದು ನಾವು ನಡೆದು ಹೋಗುವ ದಾರಿಯನ್ನು. ಅವರು ಬಂದ ದಾರಿಯಲ್ಲೇ ಅವರನ್ನು ವಿಚಾರಿಸಿದರೆ ಕಳ್ಳನನ್ನೇ "ನೀನು ಕಳ್ಳನೇ?" ಎಂದು ಕೇಳಿದ ಹಾಗೆ. ನಮಗೆ ಮೊದಲೇ ಗೊತ್ತಿರುವ ಬೇರೆ ದಾರಿಯಲ್ಲಿ ಹೋಗಿ ವಿಚಾರಿಸಬೇಕು. ಇದೊಂದು ಮಾತು ನೆನಪಿದ್ದರೆ ಉಳಿದದ್ದು ಮರೆತರೂ ಚಿಂತೆಯಿಲ್ಲ.

ಏನು ನೋಡಬೇಕು, ಏನು ಮಾಡಬೇಕು

ಮನೆಯಿಂದ ಕೆಲಸ ಮಾಡುವ ಮಕ್ಕಳಿಗೆ ಈ ಭಾಗ ಓದಿ ಹೇಳಿ. ನೀವೂ ನೆನಪಿಟ್ಟುಕೊಳ್ಳಿ.

ಆಫೀಸಿನ ಚಾಟಿನಲ್ಲಿ ಹೊಸಬರ ಸಂದೇಶ ಬಂದರೆ ಹೆಸರು ಬಿಡಿ, ಹೆಸರಿನ ಪಕ್ಕದಲ್ಲಿ ನೋಡಿ. ಟೀಮ್ಸ್‌ನಲ್ಲಿ ಹೊರಗಿನವರಾದರೆ ಎಕ್ಸ್‌ಟರ್ನಲ್ ಎಂಬ ಗುರುತಿರುತ್ತದೆ. ನಮ್ಮದೇ ಹೆಲ್ಪ್ ಡೆಸ್ಕಾದರೆ ಹೊರಗಿನವರೆಂಬ ಗುರುತು ಯಾಕೆ ಬರಬೇಕು? ಹೊರಗಿನವರ ಮೊದಲ ಸಂದೇಶಕ್ಕೆ ಒಪ್ಪಿಗೆಯೋ ತಡೆಯೋ ಎಂದು ಅದೇ ಕೇಳುತ್ತದೆ. ಗುರುತಿಲ್ಲದವರಾದರೆ ಬ್ಲಾಕ್ ಎಂಬುದನ್ನು ಒತ್ತಿ. ಹೊರಗಿನವನು ಹೆಸರಾಂತ ಕಂಪನಿಯ ವೇಷ ಹಾಕಿ ಬಂದಿರಬಹುದೆಂದು ಕಂಡರೆ ಎಚ್ಚರಿಕೆ ತೋರಿಸುವ ಏರ್ಪಾಡೂ 2025ರಲ್ಲಿ ಟೀಮ್ಸ್‌ಗೆ ಬಂದಿದೆ. ಒಳ್ಳೆಯದೇ. ಆದರೆ ಎಚ್ಚರಿಕೆ ಬರಲಿಲ್ಲವೆಂದರೆ ಎಲ್ಲ ಸರಿ ಎಂದಲ್ಲ. ನಾಯಿ ಬೊಗಳಲಿಲ್ಲವೆಂದು ಬಾಗಿಲು ತೆರೆದಿಟ್ಟು ಮಲಗುತ್ತೇವೆಯೇ?

ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಓದಿ. ಇಂಗ್ಲಿಷಿನ ಓ ಅಕ್ಷರದ ಜಾಗದಲ್ಲಿ ಸೊನ್ನೆ ಇಡುತ್ತಾರೆ. ಆರ್ ಮತ್ತು ಎನ್ ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ ಎಮ್ ಅಕ್ಷರದ ಹಾಗೇ ಕಾಣುತ್ತದೆ. ಮುಂದಿನ ಭಾಗಕ್ಕಿಂತ ಕೊನೆಯ ಭಾಗ ಮುಖ್ಯ.

ಗುಟ್ಟಿನ ಸಂಖ್ಯೆ ಯಾರಿಗೂ ಓದಿ ಹೇಳಬೇಡಿ. ಯಾರೋ ಕೊಟ್ಟ ಸಂಖ್ಯೆ ಎಲ್ಲಿಯೂ ಹಾಕಲೂಬೇಡಿ. ಎರಡೂ ಒಂದೇ. ನಮ್ಮ ಸೊಸೆ ಸಂಖ್ಯೆ ಹೇಳಲಿಲ್ಲ, ಅವನು ಕೊಟ್ಟದ್ದನ್ನು ಹಾಕಿದಳು, ಅಷ್ಟೇ ಸಾಕಾಯಿತು. ಕ್ವಿಕ್ ಅಸಿಸ್ಟ್, ಎನಿಡೆಸ್ಕ್, ಟೀಮ್‌ವ್ಯೂವರ್, ಇವೆಲ್ಲ ದೂರದಿಂದ ಕಂಪ್ಯೂಟರ್ ನಡೆಸುವ ಸಾಧನಗಳು. ನಾವಾಗಿ ಕರೆದು ಸಹಾಯ ಕೇಳಿದಾಗ ಮಾತ್ರ ತೆರೆಯಬೇಕು. ತಾವಾಗಿ ಬಂದವರಿಗೆ ಬೇಡ.

ಖಾತೆ ಬದಲಾಗಿದೆ, ನಂಬರ್ ಬದಲಾಗಿದೆ, ಇವತ್ತೇ ಹಣ ಬೇಕು, ಈ ಮಾತು ಯಾರ ಹೆಸರಿನಲ್ಲಿ ಬಂದರೂ ಹಳೆಯ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಆ ಪಾವತಿಯ ಹುಡುಗಿ ನಮ್ಮ ಸೊಸೆಗೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ನಿಜವಾದ ಸಂದೇಶವಾದರೆ ನಿಮಿಷವೆರಡು ತಡವಾಗುತ್ತದೆ, ಅಷ್ಟೇ.

ಸಂಘದ, ಶಾಲೆಯ, ಅಂಗನವಾಡಿಯ ವಾಟ್ಸಾಪ್ ಗ್ರೂಪಿನಲ್ಲಿರುವವರಿಗೂ ಇದೇ ನಿಯಮ. ಮೇಲ್ವಿಚಾರಕಿಯ ಫೋಟೋ ಹಾಕಿಕೊಂಡು, "ಇದು ನನ್ನ ಹೊಸ ನಂಬರ್, ಸಂಘದ ಖಾತೆಯಿಂದ ಸ್ವಲ್ಪ ಹಣ ಹಾಕಮ್ಮ" ಎಂದು ಬಂದರೆ ಹಳೆಯ ನಂಬರಿಗೆ ಕರೆ. ಫೋಟೋ ಯಾರು ಬೇಕಾದರೂ ಇಳಿಸಿಕೊಂಡು ಹಾಕಿಕೊಳ್ಳಬಹುದು. ನಿಮ್ಮ ವಾಟ್ಸಾಪಿಗೂ ಎರಡನೆಯ ಬೀಗ ಹಾಕಿ. ಸೆಟ್ಟಿಂಗ್ಸ್ ಒಳಗೆ ಅಕೌಂಟ್, ಅದರೊಳಗೆ ಟೂ ಸ್ಟೆಪ್ ವೆರಿಫಿಕೇಶನ್. ಅಲ್ಲಿ ಆರು ಅಂಕಿಯ ಪಿನ್ ಇಟ್ಟುಕೊಳ್ಳಿ. ಲಿಂಕ್ಡ್ ಡಿವೈಸಸ್ ಎಂಬಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಸೇರಿಕೊಂಡಿದ್ದರೆ ತೆಗೆದುಹಾಕಿ.

ಮಕ್ಕಳು ತಮ್ಮ ಆಫೀಸಿನಲ್ಲಿ ಕೇಳಬೇಕಾದ ಮಾತೂ ಒಂದಿದೆ. ಹೊರಗಿನ ಯಾರು ಬೇಕಾದರೂ ನಮ್ಮ ನೌಕರರಿಗೆ ಚಾಟು ಕಳಿಸಬಹುದೇ, ಅಥವಾ ಗೊತ್ತಿರುವ ಕಂಪನಿಗಳಿಗೆ ಮಾತ್ರವೇ? ಈ ಬಾಗಿಲನ್ನು ಹಾಕುವ ಕೀಲಿ ಕಂಪನಿಯ ಕಂಪ್ಯೂಟರ್ ವಿಭಾಗದವರ ಕೈಯಲ್ಲಿದೆ. ನಮ್ಮ ಸೊಸೆಯ ಕಂಪನಿಯವರು ಈಗ ಹಾಕಿದ್ದಾರೆ. ಎಲ್ಲ ಭಾರವನ್ನೂ ನೌಕರರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಮೋಸ ಹೋದದ್ದು ತಿಳಿದರೆ

ಮೊದಲು ಕಂಪ್ಯೂಟರಿನ ಇಂಟರ್ನೆಟ್ ತಪ್ಪಿಸಿ. ವೈಫೈ ಡಬ್ಬಿಯ ಸ್ವಿಚ್ ಆರಿಸಿದರೂ ಆಯಿತು, ಇದನ್ನು ಮನೆಯಲ್ಲಿ ಯಾರಾದರೂ ಮಾಡಬಹುದು. ಎರಡನೆಯದು, ಆಫೀಸಿಗೆ ಫೋನ್. ಚಾಟಿನಲ್ಲಿ ಬೇಡ, ಚಾಟು ಕಳ್ಳನೂ ಓದುತ್ತಿರಬಹುದು. ಪಾಸ್‌ವರ್ಡನ್ನು ಬೇರೆ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಬದಲಿಸಬೇಕು. ಹಣ ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. 1930 ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತ ಹೋಗುತ್ತಾರೆ. ಯಾವುದಾದರೂ ಒಂದು ಖಾತೆಯಲ್ಲಿ ಇನ್ನೂ ಇರುವಾಗಲೇ ತಿಳಿಸಿದರೆ ಬ್ಯಾಂಕಿನವರು ಅಲ್ಲೇ ತಡೆಹಿಡಿಯಬಹುದು. ಅದಕ್ಕೇ ಇಲ್ಲಿ ಗಂಟೆಗಳ ಲೆಕ್ಕ, ದಿನಗಳ ಲೆಕ್ಕವಲ್ಲ. ಕಂಪ್ಯೂಟರ್, ಫೋನುಗಳ ಮೂಲಕ ಬೇರೆಯವರ ವೇಷದಲ್ಲಿ ಮೋಸ ಮಾಡಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅಪರಾಧಿ ಮೋಸ ಮಾಡಿದವನು, ಮೋಸ ಹೋದವಳಲ್ಲ.

ಕೊನೆಗೆ ಒಂದು ಮಾತು

ಮೇಲೆ ಹೇಳಿದ್ದನ್ನೆಲ್ಲ ಮಕ್ಕಳು ಆಫೀಸಿನಲ್ಲೂ ಕಲಿಯುತ್ತಾರೆ. ನಮ್ಮ ಸೊಸೆಯೂ ಕಲಿತಿದ್ದಳು. ಕಲಿತದ್ದಕ್ಕೇ ಅನುಮಾನ ಬಂದದ್ದು. ಆದರೆ ಕಲಿತದ್ದನ್ನು ಮಾಡಲು ಎರಡು ನಿಮಿಷ ಬಿಡುವು ಬೇಕು, ತಪ್ಪಾದಾಗ ಹೇಳಲು ಧೈರ್ಯ ಬೇಕು. ಇವೆರಡನ್ನೂ ಆಫೀಸು ಕೊಡಲಾರದು, ಮನೆ ಕೊಡಬೇಕು. ಕಳ್ಳ ಬೇಡುವುದೂ ಇವೆರಡನ್ನೇ. ಬಲಿಯಾಗುವವಳಿಗೆ ಅವಸರವಿರಬೇಕು, ಆಮೇಲೆ ಅವಳು ಸುಮ್ಮನಿರಬೇಕು. ಅವತ್ತು ಅವನಿಗೆ ಬೇಕಾದದ್ದೆಲ್ಲ ಒದಗಿಸಿಕೊಟ್ಟವಳು ನಾನು.

ಈಗ ನಮ್ಮ ಮನೆಯಲ್ಲಿ ಎರಡು ಪದ್ಧತಿ ಮಾಡಿಕೊಂಡಿದ್ದೇವೆ. ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ರಟ್ಟು ನೇತುಹಾಕಿದೆ. ಅದರಲ್ಲಿ ಆಫೀಸಿನ ನಿಜವಾದ ಹೆಲ್ಪ್ ಡೆಸ್ಕ್, ಮ್ಯಾನೇಜರ್, ನಮ್ಮ ಬ್ಯಾಂಕ್, 1930, ಇಷ್ಟೂ ನಂಬರು ಮಗ ದಪ್ಪಕ್ಷರದಲ್ಲಿ ಬರೆದಿದ್ದಾನೆ. ಯಾರ ಕರೆ ಬಂದರೂ, "ಐದು ನಿಮಿಷ ಬಿಟ್ಟು ನಾನೇ ಮಾಡ್ತೀನಿ" ಎಂದು ಇಟ್ಟು, ರಟ್ಟು ನೋಡಿ ಮಾಡಬೇಕು. ನಿಜವಾದವರಾದರೆ ಕಾಯುತ್ತಾರೆ. ಕಾಯಲಾರದವನ ಮಾತಿಗೆ ನಾವು ಕಿವಿಗೊಡಬೇಕಾಗಿಲ್ಲ.

ಎರಡನೆಯ ಪದ್ಧತಿ ನನ್ನದು. ಮನೆಯಲ್ಲಿ ಯಾರಾದರೂ, "ನಾನು ಮೋಸ ಹೋದೆ ಅನ್ಸುತ್ತೆ" ಅಂದರೆ ಮೊದಲ ಒಂದು ಗಂಟೆ ಯಾರೂ ಬೈಯಕೂಡದು. ಮೊದಲು ವೈಫೈ ಸ್ವಿಚ್, ಆಮೇಲೆ ಫೋನು, ಆಮೇಲೆ ಒಂದು ಲೋಟ ಕಾಫಿ. ಬೈಗುಳ ಬೇಕೇ ಬೇಕೆಂದರೆ ಮಾರನೆಯ ದಿನಕ್ಕೆ ಇಟ್ಟುಕೊಳ್ಳುವುದು. ಮಾರನೆಯ ದಿನಕ್ಕೆ ಅದು ಹಳಸಿರುತ್ತದೆ, ಬಿಡಿ.

ಮೊನ್ನೆ ಭಾನುವಾರ ನನ್ನ ಫೋನಿಗೇ ಒಂದು ಸಂದೇಶ ಬಂತು. ಬ್ಯಾಂಕಿನ ಲಾಂಛನ, ಬ್ಯಾಂಕಿನ ಹೆಸರು, ಇವತ್ತೇ ವಿವರ ಕೊಡದಿದ್ದರೆ ಖಾತೆ ಮುಚ್ಚುತ್ತೇವೆಂದು. ಹೆದರಿಕೆಯಲ್ಲಿ ಒತ್ತಿಯೇಬಿಟ್ಟೆ. ಒಂದು ಪುಟ ತೆರೆಯಿತು. ಅಷ್ಟರಲ್ಲಿ ಎಚ್ಚರವಾಗಿ ಸೊಸೆಯನ್ನು ಕೂಗಿದೆ, "ಇಲ್ಲಿ ಬಾರಮ್ಮ, ನಾನೇನೋ ತಪ್ಪು ಮಾಡಿದೆ." ಅವಳು ಒಲೆ ಆರಿಸಿ ಬಂದಳು. ಬೈಯಲಿಲ್ಲ. ಫೋನು ತೆಗೆದುಕೊಂಡು, "ಏನಾದ್ರೂ ಬರೆದ್ರಾ ಅತ್ತೆ? ಏನಾದ್ರೂ ಇಳಿಸಿಕೊಂಡ್ರಾ? ಇಲ್ವಾ, ಸರಿ" ಎಂದು ಪುಟ ಮುಚ್ಚಿ, ಆ ನಂಬರನ್ನು ತಡೆದು, ರಟ್ಟು ನೋಡಿ ಬ್ಯಾಂಕಿಗೆ ಫೋನ್ ಹಚ್ಚಿ ಕೊಟ್ಟಳು.

ಒಲೆಯ ಮೇಲೆ ಹಾಲಿತ್ತು. ಅವಳು ಬರುವಷ್ಟರಲ್ಲಿ ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು. ನಾನು ಏನೂ ಅನ್ನಲಿಲ್ಲ. ಬಟ್ಟೆ ತಂದು ಒರೆಸಿದೆ.

ನುಗ್ಗೆಸೊಪ್ಪು ಮುಂದಿನ ಸಂಚಿಕೆಗೆ, ಖಂಡಿತ. ಅಷ್ಟರಲ್ಲಿ ನಿಮ್ಮ ಮನೆಯಲ್ಲೂ ಒಂದು ರಟ್ಟು ನೇತುಹಾಕಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, "ಏನೇ ಆದರೂ ಮೊದಲು ನನಗೆ ಹೇಳು, ನಾನು ಬೈಯಲ್ಲ" ಎಂದು ಒಂದು ಮಾತು ಹೇಳಿಡಿ. ಹೇಳಿದ ಮೇಲೆ ನಡೆಸಿಕೊಡಿ.